ಲಕ್ಷ ರೂಪಾಯಿಯ ಬೈಸಿಕಲ್ಲು

ಭಾನುವಾರದ ಬೆಳಗು. ತುಂಗೆಯ ಮೇಲಣ ಮಂಜು ಇನ್ನೂ ಹರಿದಿಲ್ಲ. ಶಿವಮೊಗ್ಗದ ಬಿ.ಎಚ್. ರಸ್ತೆಯಲ್ಲಿ ಹಾಲಿನ ಗಾಡಿಗಳನ್ನೂ ಪತ್ರಿಕೆ ಹಂಚುವ ಹುಡುಗರನ್ನೂ ಬಿಟ್ಟರೆ ಹೇಳಿಕೊಳ್ಳುವಂಥ ಸಂಚಾರವಿಲ್ಲ. ಅಷ್ಟರಲ್ಲಿ ಏಳೆಂಟು ಬೈಸಿಕಲ್ಲುಗಳ ಸಾಲೊಂದು ಸದ್ದಿಲ್ಲದೆ ಹಾದುಹೋಗುತ್ತದೆ. ಸವಾರರ ತಲೆಗೆ ಶಿರಸ್ತ್ರಾಣ, ಕಣ್ಣಿಗೆ ಬಣ್ಣದ ಕನ್ನಡಕ, ಮೈಗೆ ಅಂಟಿಕೊಂಡಂತಿರುವ ಉಡುಪು. ದೂರದಿಂದ ಕಂಡವರು ಕಾಲೇಜು ಹುಡುಗರ ಪಂದ್ಯವೆಂದು ಭ್ರಮಿಸಿಯಾರು. ಹತ್ತಿರ ಬಂದಾಗಲಾದರೋ ಕಿವಿಯ ಪಕ್ಕದ ನರೆಗೂದಲೂ, ಉಡುಪು ಎಷ್ಟು ಬಿಗಿದರೂ ಅಡಗದ ಹೊಟ್ಟೆಯೂ ನಿಜವನ್ನು ಸಾರಿ ಹೇಳುತ್ತವೆ. ಇವರಲ್ಲಿ ವೈದ್ಯರುಂಟು, ವಕೀಲರುಂಟು, ಬ್ಯಾಂಕಿನ ಅಧಿಕಾರಿಗಳುಂಟು, ಅಡಿಕೆ ಮಂಡಿಯ ಸಾಹುಕಾರರುಂಟು. ಮನೆಯ ಮುಂದೆ ಕಾರು ನಿಂತಿರುವಾಗ ಬೈಸಿಕಲ್ಲೇರಿ ಹೊರಟ ಈ ಗೃಹಸ್ಥರನ್ನು ಕಂಡು ಹಳೆಯ ತಲೆಗಳು ಮೂಗಿನ ಮೇಲೆ ಬೆರಳಿಡುವುದು ಸಹಜವೇ.

ಇದು ಶಿವಮೊಗ್ಗಕ್ಕೆ ಮಾತ್ರ ಹಿಡಿದ ಗೀಳಲ್ಲ. ಇಂಗ್ಲೆಂಡಿನಲ್ಲಿ ಮಾರುಕಟ್ಟೆಯ ಸಮೀಕ್ಷೆ ನಡೆಸುವ ಸಂಸ್ಥೆಯೊಂದು 2010ರಲ್ಲಿಯೇ ಈ ಜಾತಿಯ ಸವಾರರಿಗೆ ‘ಮ್ಯಾಮಿಲ್’ ಎಂದು ನಾಮಕರಣ ಮಾಡಿತು. ಬಿಗಿಯುಡುಪು ತೊಟ್ಟ ನಡುವಯಸ್ಸಿನ ಗಂಡಸು ಎಂದು ಅದರ ಅರ್ಥ. ಹಿಂದೆ ನಲವತ್ತು ದಾಟಿದ ಸ್ಥಿತಿವಂತನು ವೇಗದ ಕಾರು ಕೊಳ್ಳುತ್ತಿದ್ದನಂತೆ. ಈಗ ಬೈಸಿಕಲ್ಲು ಕೊಳ್ಳುತ್ತಾನಂತೆ. ನಮ್ಮಲ್ಲಿ ಈ ಹವ್ಯಾಸಕ್ಕೆ ಬೆಂಗಳೂರು ಮೈಸೂರುಗಳಲ್ಲಿ ಮೊದಲೇ ಬೇರು ಬಿಟ್ಟಿತ್ತು. 2008ರಿಂದ ನಡೆದುಬಂದ ‘ಟೂರ್ ಆಫ್ ನೀಲಗಿರೀಸ್’ ಸವಾರಿಯೂ ಅದಕ್ಕೆ ನೀರೆರೆಯಿತು. ಆಮೇಲೆ ಬಂದ 2020ರ ಮಹಾಮಾರಿಯ ಕಾಲದಲ್ಲಿ ವ್ಯಾಯಾಮಶಾಲೆಗಳಿಗೆ ಬೀಗ ಬಿದ್ದು, ಮನೆಯಲ್ಲೇ ಕುಳಿತು ಬೇಸತ್ತ ಜನ ಬೈಸಿಕಲ್ಲಿನ ಅಂಗಡಿಗಳ ಮುಂದೆ ನೆರೆದರು. ವಿಧಿಯ ವಿನೋದವನ್ನು ನೋಡಿ: ಅದೇ ವರ್ಷ ಜೂನ್ 3ರಂದು, ವಿಶ್ವ ಬೈಸಿಕಲ್ ದಿನದಂದೇ, ಬಡವರ ಹಾಗೂ ಮಧ್ಯಮ ವರ್ಗದವರ ವಾಹನಗಳನ್ನು ದಶಕಗಳ ಕಾಲ ತಯಾರಿಸಿದ ಅಟ್ಲಾಸ್ ಕಂಪನಿಯು ಸಾಹಿಬಾಬಾದಿನ ತನ್ನ ಕಾರ್ಖಾನೆಯ ಕೆಲಸವನ್ನು ನಿಲ್ಲಿಸಿತು.

ಈ ಸವಾರರ ಸಾಲು ಒಮ್ಮೊಮ್ಮೆ ಗಾಜನೂರಿನ ಅಣೆಕಟ್ಟೆಯ ಕಡೆಗೆ, ಸಕ್ರೆಬೈಲಿನ ಆನೆಗಳ ಬಿಡಾರದ ಕಡೆಗೆ ತಿರುಗುತ್ತದೆ. ಕಾಲಿನಲ್ಲಿ ಕಸುವಿದ್ದರೆ ಮಂಡಗದ್ದೆಯ ಹಕ್ಕಿಗಳವರೆಗೂ ಹೋಗುವುದುಂಟು. ಎದೆಗಾರರು ಹದಿನಾಲ್ಕು ತಿರುವುಗಳ ಆಗುಂಬೆ ಘಾಟಿಯ ಕನಸು ಕಾಣುತ್ತಾರೆ. ಆದರೆ ಇವರು ಭದ್ರಾವತಿಯ ದಾರಿ ಹಿಡಿದ ದಿನದ ಸವಾರಿಗೆ ಬೇರೆಯದೇ ಅರ್ಥವುಂಟು. ಆ ಇಪ್ಪತ್ತು ಕಿಲೋಮೀಟರಿನ ರಸ್ತೆಯ ತುದಿಯಲ್ಲಿ ಬೈಸಿಕಲ್ಲೇ ಒಂದು ಊರನ್ನು ನಡೆಸಿದ ಕಾಲದ ನೆನಪು ಇನ್ನೂ ಆರಿಲ್ಲ.

ಬೆಂಕಿಪುರವೆಂಬ ಹಳೆಯ ಹೆಸರಿನ ಆ ಊರಿನಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಗೆ ತಳಹದಿ ಬಿದ್ದದ್ದು 1918ರಲ್ಲಿ. 1923ರಲ್ಲಿ ಕುಲುಮೆ ಹೊತ್ತಿಕೊಂಡಿತು. ವಿಶ್ವೇಶ್ವರಯ್ಯನವರು ಅದರ ಆಡಳಿತವನ್ನು ಕೈಗೆತ್ತಿಕೊಂಡದ್ದೂ ಆಗಲೇ. 1930ರ ದಶಕದಲ್ಲಿ ಮೈಸೂರು ಕಾಗದದ ಕಾರ್ಖಾನೆಯೂ ಅದಕ್ಕೆ ಜೊತೆಯಾಯಿತು. ಸೈರನ್ನು ಕೂಗಿತೆಂದರೆ ನ್ಯೂ ಟೌನ್, ಜನ್ನಾಪುರ, ಪೇಪರ್ ಟೌನುಗಳ ಬೀದಿಗಳಲ್ಲಿ ಬೈಸಿಕಲ್ಲಿನ ಹೊಳೆ ಹರಿಯುತ್ತಿತ್ತು. ಕ್ಯಾರಿಯರಿನಲ್ಲಿ ಬುತ್ತಿ, ಷರಾಯಿಯ ಕಾಲಿಗೆ ಕ್ಲಿಪ್ಪು, ರಾತ್ರಿಯ ಪಾಳಿಯವನಾದರೆ ಚಕ್ರಕ್ಕೆ ಉಜ್ಜಿಕೊಂಡು ಗುಂಯ್‌ಗುಟ್ಟುವ ಡೈನಮೋ. ದೀಪವಿಲ್ಲದೆ ಹೋದರೆ ಪೊಲೀಸಿನವನ ಭಯ, ಹಿಂದೆ ಒಬ್ಬರನ್ನು ಕೂರಿಸಿಕೊಂಡರೆ ಮತ್ತೂ ಭಯ! ರ‍್ಯಾಲೆಯೋ ಹರ್ಕ್ಯುಲೀಸೋ ಮನೆಗೆ ಬಂದ ದಿನ ಹೂವು ಮುಡಿಸಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಪೂಜೆ ಮಾಡುತ್ತಿದ್ದರು. ಮದುವೆಯ ಮಾತುಕತೆಯಲ್ಲಿ ಕೈಗಡಿಯಾರದ ಜೊತೆಗೆ ಬೈಸಿಕಲ್ಲನ್ನು ಕೇಳಿ ಪಡೆದ ಅಳಿಯಂದಿರೂ ಕಡಿಮೆಯಿರಲಿಲ್ಲ. ಒಂದು ವಾಹನ ಇಪ್ಪತ್ತು ಮೂವತ್ತು ವರ್ಷ ಬಾಳಿ, ತಂದೆಯಿಂದ ಮಗನಿಗೆ ಬರುತ್ತಿತ್ತು.

ಮಗನು ಅದನ್ನು ಎಷ್ಟು ದಿನ ತುಳಿದಾನು? ಓದಿ, ಕೆಲಸ ಹಿಡಿದು, ಮೊದಲ ಸಂಬಳಗಳಲ್ಲಿ ಉಳಿಸಿದ ಹಣದಿಂದ ಸ್ಕೂಟರು ಕೊಂಡ. ಬೈಸಿಕಲ್ಲು ಹಿತ್ತಲಿನ ಗೋಡೆಗೆ ಒರಗಿತು. ಮುಂದೊಂದು ದಿನ ಗುಜರಿಯವನ ಪಾಲಾಯಿತು. ಅದನ್ನು ತುಳಿಯುವುದು ಬಡತನದ ಗುರುತೆಂದು ಮರ್ಯಾದಸ್ಥರು ತಿಳಿದ ಕಾಲವೊಂದು ಬಂತು. ಕಾರ್ಖಾನೆಗಳಿಗೂ ಕೇಡುಗಾಲ ಬಂತು. ಕಾಗದದ ಕಾರ್ಖಾನೆಯ ಯಂತ್ರಗಳು 2015ರ ಸುಮಾರಿಗೆ ನಿಂತವು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿತ್ತು. ಕಾರ್ಮಿಕರು ಬೀದಿಗಿಳಿದು ಹೋರಾಡಿದ ಮೇಲೆ ಅದೇ ವರ್ಷದ ಆಗಸ್ಟಿನಲ್ಲಿ ಒಂದಿಷ್ಟು ಉತ್ಪಾದನೆ ಮರಳಿ ಆರಂಭವಾಯಿತಾದರೂ ಬೀದಿ ತುಂಬುವ ಬೈಸಿಕಲ್ಲುಗಳ ದೃಶ್ಯ ಮರಳಲಿಲ್ಲ.

ಈಗ ಬಂದಿರುವುದು ಆ ಹಳೆಯ ಬೈಸಿಕಲ್ಲಿನ ಮೊಮ್ಮಗುವೆನ್ನಬೇಕು. ಆದರೆ ಅಜ್ಜನ ಒಂದು ಲಕ್ಷಣವೂ ಇದಕ್ಕಿಲ್ಲ. ಅದರ ತೂಕ ಇಪ್ಪತ್ತು ಕಿಲೋದಷ್ಟಾದರೆ ಇದು ಏಳೆಂಟು ಕಿಲೋ. ಎರಡು ಬೆರಳಿನಲ್ಲಿ ಎತ್ತಬಹುದು. ಚೌಕಟ್ಟು ಉಕ್ಕಿನದಲ್ಲ, ಕಾರ್ಬನ್ ಎಳೆಗಳನ್ನು ಅಂಟಿನಲ್ಲಿ ಬೆಸೆದು ಮಾಡಿದ್ದು. ಗಂಟೆಯಿಲ್ಲ, ಮಡ್‌ಗಾರ್ಡಿಲ್ಲ, ಸ್ಟ್ಯಾಂಡಿಲ್ಲ; ನಿಲ್ಲಿಸಬೇಕಾದರೆ ಗೋಡೆಯನ್ನೇ ಹುಡುಕಬೇಕು. ಪಾದರಕ್ಷೆ ಪೆಡಲಿಗೆ ಸಿಕ್ಕಿಕೊಂಡಿರುತ್ತದೆ. ಬಿಡಿಸಿಕೊಳ್ಳುವ ಉಪಾಯ ಕೈವಶವಾಗುವ ಮುನ್ನ ನಾಲ್ಕು ಜನರೆದುರು ನಿಂತಲ್ಲೇ ಉರುಳುವ ಯೋಗ ಪ್ರತಿಯೊಬ್ಬ ಹೊಸ ಸವಾರನಿಗೂ ತಪ್ಪಿದ್ದಲ್ಲ. ಒಳ್ಳೆಯದೆನಿಸಿಕೊಂಡ ವಾಹನದ ಬೆಲೆ ಲಕ್ಷದಿಂದ ಮೇಲೆ. ಬಿಲ್ಲು ಬಂದ ದಿನ ಗೃಹಿಣಿಯ ಪ್ರಶ್ನೆ ಎಲ್ಲ ಮನೆಗಳಲ್ಲಿಯೂ ಒಂದೇ: “ಅಲ್ಲಾರೀ, ಇಷ್ಟು ದುಡ್ಡಿಗೆ ಇಂಜಿನ್ ಆದರೂ ಬೇಡವೆ?”

ಯಜಮಾನರ ಬಳಿ ಇದಕ್ಕೆ ಉತ್ತರವಿಲ್ಲ. ಇನ್ನೂ ಒಂದು ಕಿಲೋ ತೂಕ ಇಳಿಸುವ ಚಕ್ರಗಳಿಗಾಗಿ ಮತ್ತಷ್ಟು ಸಾವಿರಗಳನ್ನು ತೆರಲು ಅವರು ಆಗಲೇ ಲೆಕ್ಕ ಹಾಕುತ್ತಿರುತ್ತಾರೆ. ಸಮತಟ್ಟಾದ ರಸ್ತೆಯಲ್ಲಿ ವೇಗದ ಸವಾರನನ್ನು ತಡೆಯುವುದು ಮುಖ್ಯವಾಗಿ ಗಾಳಿಯೇ ಹೊರತು ತೂಕವಲ್ಲ. ಘಾಟಿಯಲ್ಲಿ ತೂಕದ ಮಾತು ನಿಜವೇ. ಆದರೆ ಆ ಒಂದು ಕಿಲೋವನ್ನು ಬೈಸಿಕಲ್ಲಿನಿಂದ ಇಳಿಸುವ ಬದಲು ತಮ್ಮ ಸೊಂಟದಿಂದಲೇ ಇಳಿಸಿದರೆ ಬೆಟ್ಟಕ್ಕೆ ಭೇದ ತಿಳಿಯುವುದಿಲ್ಲ, ಖರ್ಚೂ ಇಲ್ಲ. ಸವಾರಿ ಮುಗಿಸಿ ರಸ್ತೆಬದಿಯ ಹೋಟೆಲಿನಲ್ಲಿ ಎರಡನೆಯ ಬೆಣ್ಣೆದೋಸೆಗೆ ಕೈಯಿಡುವ ಮಹನೀಯರಿಗೆ ಈ ಗಣಿತವನ್ನು ಯಾರು ಹೇಳಬೇಕು?

ನಗೆ ಹಾಗಿರಲಿ. ವಾರಕ್ಕೆ 150ರಿಂದ 300 ನಿಮಿಷಗಳ ಮಿತವಾದ ವ್ಯಾಯಾಮ ವಯಸ್ಕರಿಗೆ ಅಗತ್ಯವೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಕುರ್ಚಿಯಲ್ಲಿ ಕುಳಿತು ಸಕ್ಕರೆಯ ಕಾಯಿಲೆಯನ್ನೂ ರಕ್ತದೊತ್ತಡವನ್ನೂ ಸಂಪಾದಿಸಿದ ತಲೆಮಾರಿಗೆ ಬೈಸಿಕಲ್ಲು ಔಷಧಿಯೇ ಸರಿ. ಮೊಣಕಾಲಿನ ಮೇಲೆ ಓಟದಷ್ಟು ಪೆಟ್ಟನ್ನೂ ಹಾಕುವುದಿಲ್ಲ. ಆದರೆ ಇಪ್ಪತ್ತು ವರ್ಷ ಅಲುಗದ ದೇಹವನ್ನು ಒಂದೇ ವಾರದಲ್ಲಿ ಘಾಟಿ ಹತ್ತಿಸಹೊರಟವನು ಹೃದಯಕ್ಕೆ ಆಪತ್ತನ್ನು ಆಹ್ವಾನಿಸಿದಂತೆ. ಮೊದಲು ವೈದ್ಯರ ಪರೀಕ್ಷೆ, ಆಮೇಲೆ ಅಂಗಡಿ. ಈ ಕ್ರಮ ತಲೆಕೆಳಗಾಗುವುದೇ ಹೆಚ್ಚು.

ಇನ್ನು ಕೆಲವರಿಗೆ ಭಾನುವಾರದ ಸವಾರಿ ಸಾಲದು. 1904ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಸಂಘವೊಂದರ ನಿಯಮದಂತೆ ನಡೆಯುವ ದೂರದ ಸವಾರಿಗಳು ನಮ್ಮ ದೇಶದಲ್ಲೂ ನಡೆಯುತ್ತವೆ: 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 600ಕ್ಕೆ 40 ಗಂಟೆ. ಇಲ್ಲಿ ಬಹುಮಾನವಿಲ್ಲ, ಮೊದಲನೆಯವನೂ ಇಲ್ಲ. ಗಡುವಿನೊಳಗೆ ತಲಪಿದರೆ ಆಯಿತು. ನಾಲ್ಕು ವರ್ಷಗಳಿಗೊಮ್ಮೆ ಪ್ಯಾರಿಸ್ಸಿನಿಂದ ಬ್ರೆಸ್ಟಿಗೆ ಹೋಗಿ ಮರಳುವ 1200 ಕಿಲೋಮೀಟರಿನ ಸವಾರಿಗೆ 2019ರಲ್ಲಿಯೂ 2023ರಲ್ಲಿಯೂ ಭಾರತದಿಂದ ನೂರಾರು ಮಂದಿ ಹೋದರು. ಕಚೇರಿಯಲ್ಲಿ ಯಾರದೋ ರುಜುವಿಗೆ ಕಾಯುತ್ತ ಅರ್ಧ ಆಯುಷ್ಯ ಕಳೆದವನಿಗೆ, ತನ್ನ ಕಾಲಿನ ಬಲದಿಂದಲೇ ಒಂದು ರಾತ್ರಿಯನ್ನು ದಾಟಿದೆನೆಂಬ ಸಂತೋಷ ಸಣ್ಣದಲ್ಲ. ಆ ಸಂತೋಷವನ್ನು ಬರಿಯ ಶೋಕಿಯೆಂದು ತಳ್ಳಿಹಾಕುವುದು ನ್ಯಾಯವಾಗದು.

ಮಲವಗೊಪ್ಪ ದಾಟಿ ನಿದಿಗೆ, ಮಾಚೇನಹಳ್ಳಿಗಳ ಕಡೆಗೆ ಹೊರಟರೆ ಇದೇ ರಸ್ತೆಯಲ್ಲಿ ಇನ್ನೊಂದು ಬಗೆಯ ಸವಾರರೂ ಕಾಣಸಿಗುತ್ತಾರೆ. ಗಾರೆ ಕೆಲಸದವನು, ತೋಟದ ಆಳು, ರಾತ್ರಿ ಕಾವಲು ಮುಗಿಸಿ ಮನೆಗೆ ಹೊರಟ ಮುದುಕ. ಇವರಿಗೆ ಬೈಸಿಕಲ್ಲು ಎಂದೂ ಹೋಗಿರಲಿಲ್ಲ, ಆದ್ದರಿಂದ ಮರಳಿ ಬರುವ ಪ್ರಶ್ನೆಯೂ ಇಲ್ಲ. ಶಿರಸ್ತ್ರಾಣವಿಲ್ಲ, ಹಿಂದಿನ ಕೆಂಪು ದೀಪವೂ ಇಲ್ಲ. ಹೆದ್ದಾರಿಯ ಲಾರಿಗಳು ಇಬ್ಬರನ್ನೂ ಒಂದೇ ಬಗೆಯಲ್ಲಿ ಸವರಿಕೊಂಡು ಹೋಗುತ್ತವೆ. ಬೈಸಿಕಲ್ಲಿಗೆ ಬೇರೆಯ ದಾರಿ ಬೇಕೆಂಬ ಕೂಗು ಈಗ ನಗರಗಳಲ್ಲಿ ಎದ್ದಿದೆಯಲ್ಲ, ಅದನ್ನು ಎತ್ತಿದವರು ಹೆಚ್ಚಾಗಿ ಕಾರುಳ್ಳವರೇ. ನೂರು ವರ್ಷ ತುಳಿದವರ ಮಾತು ಕಚೇರಿಗಳಿಗೆ ಕೇಳಿಸಿರಲಿಲ್ಲ. ವೈದ್ಯರೂ ವಕೀಲರೂ ತುಳಿಯತೊಡಗಿದ ಮೇಲೆ ಕೇಳಿಸುತ್ತಿದೆ. ಆ ದಾರಿ ವಾಯುವಿಹಾರದ ಬಡಾವಣೆಯಲ್ಲೇ ಸುತ್ತಿ ನಿಲ್ಲದೆ ಮಾಚೇನಹಳ್ಳಿಯ ಕೈಗಾರಿಕೆಗಳ ಬಾಗಿಲವರೆಗೆ ಬಂದರೆ, ಲಕ್ಷ ರೂಪಾಯಿಯ ಬೈಸಿಕಲ್ಲಿನ ಬೆಲೆ ವಸೂಲಾದಂತೆಯೇ.

ಈ ಇಬ್ಬರೂ ಮಾತಾಡುವ ಸ್ಥಳ ಒಂದೇ: ಪಂಕ್ಚರ್ ಅಂಗಡಿ. ಸಣ್ಣ ಮೊಳೆಯೊಂದು ಚುಚ್ಚಿತೆಂದರೆ ಲಕ್ಷದ ಗಾಡಿಯೂ ನೂಕಿಸಿಕೊಂಡೇ ಬರಬೇಕು. ಅದರ ವಾಲ್ವು ಕಡ್ಡಿಯಂತೆ ಸಪೂರ; ಅಂಗಡಿಯ ಪಂಪು ಅದಕ್ಕೆ ಒಗ್ಗುವುದಿಲ್ಲ. ಸವಾರನು ಜೇಬಿನಿಂದ ಹಿತ್ತಾಳೆಯ ಪುಟ್ಟ ತಿರುಪನ್ನು ತೆಗೆದುಕೊಡಬೇಕು. ಅದನ್ನು ಕೂರಿಸುತ್ತಿರುವಷ್ಟರಲ್ಲಿ ಬೆಂಚಿನ ಮೇಲೆ ಬೀಡಿ ಸೇದುತ್ತ ಕುಳಿತ ಹಳೆಯ ಕಾರ್ಮಿಕನೊಬ್ಬ ಎದ್ದು ಬಂದು ಬೈಸಿಕಲ್ಲನ್ನು ಒಂದು ಸುತ್ತು ನೋಡಿ, ಒಂದು ಕೈಯಲ್ಲಿ ಎತ್ತಿ ಇಳಿಸಿ, ತಲೆದೂಗಿ ಕೇಳುವ ಪ್ರಶ್ನೆ ಬೆಲೆಯದಲ್ಲ.

“ಚೆನ್ನಾಗಿದೆ ಸ್ವಾಮಿ, ಹಗುರಾಗಿದೆ. ಕ್ಯಾರಿಯರೇ ಇಲ್ಲವಲ್ಲ, ಬುತ್ತಿ ಎಲ್ಲಿ ಕಟ್ಟುತ್ತೀರಿ?”