ಜೆಸಿಬಿ ಇಳಿಯುವ ಮೊದಲು ಕೇಳಬೇಕಾದ ಪ್ರಶ್ನೆ

ಬೆಂಗಳೂರು ದಿಬ್ಬದ ಮೇಲಿನ ಊರು. ನೆರೆ ಬಂದಾಗ ಬೈಯೋಣವೆಂದರೆ ದೊಡ್ಡದೊಂದು ನದಿಯೂ ಇಲ್ಲ. ಬಿದ್ದ ಮಳೆ ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಕಣಿವೆಗಳಲ್ಲಿ ಇಳಿದುಹೋಗಬೇಕು. ಆದರೂ 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಆಸುಪಾಸಿನ ಜನರನ್ನು ಟ್ರ್ಯಾಕ್ಟರ್, ದೋಣಿಗಳಲ್ಲಿ ಹೊರತರಬೇಕಾಯಿತು.

ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: ಒತ್ತುವರಿ ತೆರವು ಮಾಡಿ, ರಾಜಕಾಲುವೆ ಅಗಲ ಮಾಡಿ. ಸರಿಯೇ. ಆದರೆ ಯಾವುದು ಮೊದಲು, ಎಷ್ಟು ಅಗಲ? ಮೇಲಿನ ಕಾಲುವೆ ಹಿಗ್ಗಿಸಿದರೆ ಅಲ್ಲಿಯವರು ಪಾರಾಗುತ್ತಾರೆ, ಅದೇ ನೀರು ಕೆಳಗಿನ ಬಡಾವಣೆಗೆ ಒಮ್ಮೆಲೇ ನುಗ್ಗುತ್ತದೆ. ಅದರ ಬದಲು ಕೆರೆಗೆ ತೂಬು ಕೂರಿಸಿ, ಮಳೆಗಾಲಕ್ಕೆ ಮುನ್ನವೇ ನೀರು ತಗ್ಗಿಸಿಟ್ಟರೆ? ಇಂಥ ಲೆಕ್ಕವನ್ನು ಕಂಪ್ಯೂಟರಿನಲ್ಲೇ ಹಾಕಿ ನೋಡಲು ತಂತ್ರಾಂಶಗಳಿವೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1971ರಲ್ಲಿ ಹೊರತಂದ ‘ಸ್ವಿಮ್’ ಇಂದಿಗೂ ಪುಕ್ಕಟೆ ಸಿಗುತ್ತದೆ. ನೆಲದ ಏರುತಗ್ಗು, ಕಾಂಕ್ರೀಟ್ ಹೊದ್ದ ಜಾಗ, ಕಾಲುವೆಯ ಅಗಲ-ಆಳ, ಮಳೆಯ ಪ್ರಮಾಣ ಕೊಟ್ಟರೆ ಯಾವ ಮೋರಿ ಎಷ್ಟು ಹೊತ್ತಿಗೆ ಉಕ್ಕುತ್ತದೆಂದು ತೋರಿಸುತ್ತದೆ.

ನಮ್ಮಲ್ಲೂ ಕೆಲಸ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಸೇರಿ ಬೆಂಗಳೂರಿಗೆ ನೆರೆ ಮುನ್ಸೂಚನಾ ಮಾದರಿ ರೂಪಿಸಿದವು. 2020ರಲ್ಲಿ ಆ ಮುನ್ಸೂಚನೆಯನ್ನು ಜನರಿಗೆ ತಲುಪಿಸುವ ‘ಮೇಘ ಸಂದೇಶ’ ಆ್ಯಪ್ ಬಂತು. ಮಳೆಮಾಪಕಗಳ ಜೊತೆ ಕಾಲುವೆಗಳಲ್ಲಿ ನೀರಿನ ಮಟ್ಟ ಅಳೆಯುವ ಸಂವೇದಕಗಳೂ ಇವೆ. ದೊಡ್ಡ ನದಿಯ ನೆರೆಗೆ ಸಜ್ಜಾಗಲು ದಿನಗಟ್ಟಲೆ ಬಿಡುವು ಸಿಗುತ್ತದೆ. ಇಲ್ಲಿನ ಪುಟ್ಟ ಕಣಿವೆಗಳಲ್ಲಿ ಹಾಗಲ್ಲ, ಜೋರು ಮಳೆ ಬಿದ್ದ ಗಂಟೆಯೊಳಗೇ ಅಂಡರ್‌ಪಾಸ್ ಮುಳುಗಬಹುದು.

ನನ್ನ ಅನುಮಾನವಿರುವುದು ತಂತ್ರಾಂಶದ ಮೇಲಲ್ಲ, ಅದಕ್ಕೆ ನಾವು ಕೊಡುವ ಅಳತೆಯ ಮೇಲೆ. ನಕ್ಷೆಯಲ್ಲಿ ಕಾಲುವೆ ಖಾಲಿಯಾಗಿಯೇ ಇರುತ್ತದೆ. ನಿಜದ ಕಾಲುವೆಯಲ್ಲಿ ಅರ್ಧದವರೆಗೆ ಹೂಳು, ಮೇಲೆ ಕಟ್ಟಡದ ಅವಶೇಷ, ಅಡ್ಡಲಾಗಿ ನೀರಿನ ಪೈಪು, ಅದಕ್ಕೆ ಸಿಕ್ಕಿಕೊಂಡ ಹಾಸಿಗೆ, ಥರ್ಮಾಕೋಲು. ಖಾಲಿ ಕಾಲುವೆಯನ್ನೇ ನಂಬಿ ಹಾಕಿದ ಲೆಕ್ಕ ನೀರು ಸರಾಗ ಹರಿಯುತ್ತದೆನ್ನುತ್ತದೆ, ಮನೆಯೊಳಗೆ ನೀರು ನಿಂತಿರುತ್ತದೆ. 2025ರ ಸೆಪ್ಟೆಂಬರಿನಿಂದ ನಗರ ಐದು ಪಾಲಿಕೆಗಳಾಗಿದೆ. ಒಂದರ ಹೂಳು ಇನ್ನೊಂದರ ನೆರೆಯಾದೀತು, ಹಾಗಾಗಿ ಐದಕ್ಕೂ ಮಾದರಿ ಒಂದೇ ಇರಬೇಕು. ಹೂಳೆತ್ತಿದ ಮೇಲೆ ಪ್ರತಿ ಕಾಲುವೆಯನ್ನೂ ಅಳೆದು ಆ ಅಂಕಿಗಳನ್ನು ಆ ಮಾದರಿಗೆ ಸೇರಿಸಬೇಕು. ಸೇರಿಸದಿದ್ದರೆ ಗುತ್ತಿಗೆದಾರರ ಬಿಲ್ಲು ಪಾಸಾಗದೆಂಬ ಷರತ್ತನ್ನು ಟೆಂಡರಿನಲ್ಲೇ ಬರೆಯಲು ಅಡ್ಡಿಯೇನೂ ಕಾಣುವುದಿಲ್ಲ.