ದಪ್ಪ ಪುಸ್ತಕ ಆಮೇಲೆ, ತೆಳ್ಳಗಿನದು ಮೊದಲು



ಮನೆಯಲ್ಲಿ ಹೈಸ್ಕೂಲು, ಕಾಲೇಜು ಓದುವ ಮಕ್ಕಳಿದ್ದರೆ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಹೆಸರು ನಿಮ್ಮ ಕಿವಿಗೆ ಬಿದ್ದಿರಬಹುದು. 2016ರಲ್ಲಿ ಶುರುವಾದ ‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿಯ ಮೊದಲ ಕಂತಿನಲ್ಲಿ ನಾಲ್ವರು ಹುಡುಗರು ಮೇಜಿನ ಸುತ್ತ ಕೂತು ಆಡುವುದು ಇದೇ ಆಟ. ಮಗಳು ಕೇಳಿದಳು ಅಂತ ನೀವು ಪುಸ್ತಕ ತರಿಸುತ್ತೀರಿ. 2024ರ ಆವೃತ್ತಿಯ ಆಟಗಾರರ ಕೈಪಿಡಿ 384 ಪುಟ! ಇಬ್ಬರೂ ಹತ್ತು ಪುಟ ಓದುತ್ತೀರಿ. ಆಮೇಲೆ ಅದು ಕಪಾಟು ಸೇರುತ್ತದೆ. ತಪ್ಪು ನಿಮ್ಮದಲ್ಲ, ಮಗಳದೂ ಅಲ್ಲ. ಮೊದಲು ತೆರೆಯಬೇಕಾದ ಪುಸ್ತಕ ಅದಾಗಿರಲಿಲ್ಲ, ಅಷ್ಟೇ.

ಏನಿದು ಆಟ?

ಇದನ್ನು ರೋಲ್‌ಪ್ಲೇಯಿಂಗ್ ಗೇಮ್ ಅನ್ನುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರ ವಹಿಸುತ್ತಾರೆ. ಕಥೆ ನಡೆಸುವವರು ಸನ್ನಿವೇಶ ಹೇಳಿ, “ಈಗ ನೀನೇನು ಮಾಡ್ತೀಯ?” ಅಂತ ಕೇಳುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ದಾಳ ಉರುಳುತ್ತದೆ. ಇಲ್ಲಿ ಒಬ್ಬರು ಗೆದ್ದು ಮತ್ತೊಬ್ಬರು ಸೋಲುವುದಿಲ್ಲ.

ಕರಾವಳಿ, ಮಲೆನಾಡು, ಕಾಸರಗೋಡಿನ ಕಡೆಯವರಿಗೆ ಇದು ಅಷ್ಟೇನೂ ಹೊಸದು ಅನ್ನಿಸಲಾರದು. ತಾಳಮದ್ದಳೆ ನೆನಪಿಸಿಕೊಳ್ಳಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಕರ್ಣನಾಗಿ, ಕೃಷ್ಣನಾಗಿ ಮಾತು ಕಟ್ಟುತ್ತಾರೆ. ಪ್ರಸಂಗದ ಪುಸ್ತಕದಲ್ಲಿ ಪದ್ಯಗಳಷ್ಟೇ ಇರುತ್ತವೆ, ಮಾತು ಅವರದೇ. ವ್ಯತ್ಯಾಸ ಒಂದೇ: ಅಲ್ಲಿ ಕಥೆಯ ಕೊನೆ ಎಲ್ಲರಿಗೂ ಗೊತ್ತು, ಇಲ್ಲಿ ದಾಳ ಬಿದ್ದ ಮೇಲೇ ಗೊತ್ತಾಗುವುದು.

ಹೊಸಬರಿಗೊಂದು ಪುಸ್ತಕ

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಈ ಆಟ ತಂದಾಗ ಪೆಟ್ಟಿಗೆಯಲ್ಲಿದ್ದದ್ದು ಮೂರು ಸಣ್ಣ ಪುಸ್ತಕ. ಆದರೆ ಅವು ಮೊದಲೇ ಯುದ್ಧದ ಆಟ ಆಡಿ ಪಳಗಿದವರಿಗೆ ಬರೆದಂತಿದ್ದವು. ಹೊಸಬರು ಓದಿದರೆ ತಲೆಬುಡ ತಿಳಿಯುತ್ತಿರಲಿಲ್ಲ. ಆಗ ಎರಿಕ್ ಹೋಮ್ಸ್ ಎಂಬ ನರರೋಗ ಶಾಸ್ತ್ರದ ಪ್ರಾಧ್ಯಾಪಕರು ಅದನ್ನು ತಿದ್ದಿ ಸರಳ ಮಾಡಿದರು. ಅದೇ 1977ರ ‘ಬೇಸಿಕ್ ಸೆಟ್’. ಪಾತ್ರದ ಮೊದಲ ಮೂರು ಹಂತಗಳಷ್ಟೇ ಅದರಲ್ಲಿದ್ದವು. ಕಲಿಯುವವರಿಗೆ ಅಷ್ಟು ಸಾಕು ಎಂಬುದೇ ಅದರ ಜಾಣತನ.

1983ರಲ್ಲಿ ಫ್ರ್ಯಾಂಕ್ ಮೆಂಟ್ಜರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರ ಕೆಂಪು ಪೆಟ್ಟಿಗೆಯ ಪುಸ್ತಕ ನಿಯಮಗಳ ಪಟ್ಟಿಯಿಂದ ಶುರುವಾಗುವುದಿಲ್ಲ, ನಿಮ್ಮಿಂದಲೇ ಶುರುವಾಗುತ್ತದೆ. ನೀವೊಬ್ಬ ಯೋಧ, ಗುಹೆಗೆ ಹೊರಟಿದ್ದೀರಿ. ಕಥೆ ಓದುತ್ತಾ ಹೋದಂತೆ ದಾಳ ಹಾಕುವುದು, ಪೆಟ್ಟು ಲೆಕ್ಕ ಹಾಕುವುದು ತಾನಾಗಿ ಬರುತ್ತದೆ. ಈಜು ಕಲಿಸುವವರು ಮೊದಲು ನೀರಿಗೆ ಇಳಿಸುವುದಿಲ್ಲವೇ, ಹಾಗೆ.

ಆರಿಸುವುದು ಹೇಗೆ?

ಮೊದಲ ಪುಸ್ತಕದಲ್ಲಿ ಮೂರು ಸಂಗತಿ ನೋಡಿ. ಸಿದ್ಧ ಪಾತ್ರಗಳಿವೆಯೇ? ಸಿದ್ಧ ಕಥೆ ಇದೆಯೇ? ಒಂದು ಸಂಜೆಯಲ್ಲಿ ಓದಿ ಮುಗಿಯುತ್ತದೆಯೇ? 2014ರ ‘ಸ್ಟಾರ್ಟರ್ ಸೆಟ್’ ಇದಕ್ಕೆ ಒಳ್ಳೆಯ ಮಾದರಿ. ನಿಯಮಕ್ಕೆ 32 ಪುಟ, ಕಥೆಗೆ 64 ಪುಟ, ಐದು ಸಿದ್ಧ ಪಾತ್ರ, ಆರು ದಾಳ. ಲೆಕ್ಕ ನೋಡಿ, ನಿಯಮಕ್ಕಿಂತ ಕಥೆಗೆ ಎರಡು ಪಟ್ಟು ಜಾಗ!

ಇಪ್ಪತ್ತು ಮುಖದ ದಾಳ ಎಲ್ಲಿಂದ ತರುವುದು ಅಂತ ಚಿಂತೆಯೇ? ಆ ಹಳೇ ಬೇಸಿಕ್ ಸೆಟ್ ಮಾರಾಟವಾಗುತ್ತಿದ್ದಾಗ ದಾಳಗಳಿಗೇ ಅಭಾವ ಬಂದಿತ್ತು. ಆಗ ಪೆಟ್ಟಿಗೆಯಲ್ಲಿ ಸಂಖ್ಯೆ ಬರೆದ ಚೀಟಿಗಳನ್ನೇ ಇಟ್ಟು ಕೊಟ್ಟರು. ನೀವೂ 1ರಿಂದ 20ರವರೆಗೆ ಚೀಟಿ ಬರೆದು ಸ್ಟೀಲ್ ಲೋಟಕ್ಕೆ ಹಾಕಿ. ಒಂದು ಎತ್ತಿ, ನೋಡಿ, ವಾಪಸ್ ಹಾಕಿ.

ಇಂದು ಸಂಜೆಯೇ ಆಡಿ

ಕಥೆ ಬೇಗಂಪೇಟೆಯಲ್ಲೇ ಇರಲಿ. ಇಲ್ಲಿನ ಹಳೆಯ ವಿಮಾನ ನಿಲ್ದಾಣದಿಂದ 2008ರ ಮಾರ್ಚ್‌ನಲ್ಲಿ ಪ್ರಯಾಣಿಕರ ವಿಮಾನಗಳು ಶಂಶಾಬಾದಿಗೆ ಹೋದವಲ್ಲ? ನೀವು ಹೇಳಿ: “ರಾತ್ರಿ ಹನ್ನೆರಡು ಗಂಟೆ. ಖಾಲಿ ಹಾಲ್‌ನಲ್ಲಿ ಒಂದು ದೀಪ ಉರೀತಿದೆ. ಬಾರದ ವಿಮಾನದ ಅನೌನ್ಸ್‌ಮೆಂಟ್ ಕೇಳಿಸ್ತಿದೆ. ಏನ್ ಮಾಡ್ತೀಯ ಪುಟ್ಟಿ?”

“ಅಪ್ಪ, ನಾನು ಸದ್ದು ಮಾಡದೆ ಕಿಟಕಿ ಹತ್ರ ಹೋಗ್ತೀನಿ.”

ಸದ್ದಾಗದೆ ಹೋಗುವುದು ಸ್ವಲ್ಪ ಕಷ್ಟ. 15 ಬರಬೇಕು ಅನ್ನಿ. ಅವಳ ಪಾತ್ರ ಚುರುಕು, ಅದಕ್ಕೆ 3 ಸೇರಿಸಿ. ಅಂದರೆ ಚೀಟಿಯಲ್ಲಿ 12 ಅಥವಾ ಮೇಲೆ ಬಂದರೆ ಆಯಿತು. ಇಪ್ಪತ್ತರಲ್ಲಿ ಒಂಬತ್ತು ಚೀಟಿ ಅವಳ ಕಡೆ, ಹನ್ನೊಂದು ಎದುರು. ಬಾರದಿದ್ದರೆ ಆಟ ನಿಲ್ಲುವುದಿಲ್ಲ. ಕಾಲಿಗೆ ಡಬ್ಬ ತಾಗುತ್ತದೆ, ಒಳಗಿನ ದೀಪ ಆರುತ್ತದೆ. ಈಗೇನು ಮಾಡುತ್ತಾಳೆ? ಈ ಆಟದ ಜೀವ ಇರುವುದು ಇಷ್ಟರಲ್ಲೇ. ಉಳಿದ ಪುಟಗಳನ್ನು ಬೇಕಾದಾಗ ತಿರುಗಿಸಿದರಾಯಿತು.

ನಮಗೇಕೆ ಬೇಕು ಅಂತೀರಾ?

ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ಬಸ್ಸಿನಲ್ಲಿ ತೆಲುಗು, ಗೆಳೆಯರ ಜೊತೆ ಹಿಂದಿ ಆಡುತ್ತಾರೆ. ಕನ್ನಡ ‘ಊಟ ಆಯ್ತಾ, ಬ್ಯಾಗ್ ಎಲ್ಲಿ’ ಎಂಬಲ್ಲಿಗೆ ನಿಂತುಬಿಡುತ್ತದೆ. ಈ ಆಟದಲ್ಲಿ ಹೆದರಿಸಬೇಕು, ಚೌಕಾಸಿ ಮಾಡಬೇಕು, ಸುಳ್ಳು ಹೇಳಬೇಕು, ಕ್ಷಮೆ ಕೇಳಬೇಕು. ಎರಡು ಗಂಟೆ ಕನ್ನಡದಲ್ಲಿ ಆಡಿದರೆ ಎಷ್ಟು ಮಾತು ಬೇಕಾಗುತ್ತದೆ ನೋಡಿ! ಮಾತು ಸಿಗದಿದ್ದರೆ ಅಜ್ಜಿಯನ್ನೇ ಒಂದು ಪಾತ್ರಕ್ಕೆ ಕೂರಿಸಿ.

ಇನ್ನೊಂದು ಸಂತೋಷದ ಸುದ್ದಿ. 2023ರ ಜನವರಿಯಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಮೂಲ ನಿಯಮಗಳ ಸಂಗ್ರಹವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿದ್ದಾರೆ. ಅಷ್ಟನ್ನು ಯಾರು ಬೇಕಾದರೂ ಅನುವಾದಿಸಬಹುದು, ಸರಳ ಮಾಡಬಹುದು, ಅಚ್ಚು ಹಾಕಬಹುದು. ಪರವಾನಗಿ ಹೇಳಿದಂತೆ ಮೂಲವನ್ನು ಹೆಸರಿಸಿದರೆ ಸಾಕು. ಹೊಸಬರಿಗೆ ಕನ್ನಡದಲ್ಲೊಂದು ತೆಳ್ಳಗಿನ ಪುಸ್ತಕ ಬರೆಯಲು ಈಗ ಯಾರ ಅಪ್ಪಣೆಯೂ ಬೇಡ. ನಿಮ್ಮ ಮನೆಯ ನೋಟ್‌ಬುಕ್ಕಿನಲ್ಲೇ ಅದು ಶುರುವಾಗಬಹುದು.

ಈ ಭಾನುವಾರ ಲೋಟ, ಚೀಟಿ ಸಿದ್ಧ ಮಾಡಿಕೊಳ್ಳಿ. ದೀಪ ಹಚ್ಚಿದವರು ಯಾರು ಅಂತ ಪುಟ್ಟಿ ಕಂಡುಹಿಡಿಯಲಿ. ಮತ್ತೆ ಸಿಗೋಣ.