ಗಾಯಾಳು ಮೊದಲು, ಮಹಜರು ಆಮೇಲೆ

ರಸ್ತೆ ಅಪಘಾತವಿರಲಿ, ಬೀದಿ ಹೊಡೆದಾಟವಿರಲಿ, ಸ್ಥಳಕ್ಕೆ ಮೊದಲು ಬರುವ ಸರ್ಕಾರಿ ನೌಕರ ಸಾಮಾನ್ಯವಾಗಿ ಪೊಲೀಸ್ ಕಾನ್‌ಸ್ಟೆಬಲ್. ಗಾಯಾಳುವಿಗೆ ಚಿಕಿತ್ಸೆ ಕೊಡಿಸುವ ಹೊಣೆ ಅವರ ಮೇಲೆ ಎಷ್ಟರಮಟ್ಟಿಗೆ ಇದೆ ಎಂಬುದಕ್ಕೆ ಭಾರತದಲ್ಲಿ ಒಂದೇ ಕಾಯ್ದೆಯಲ್ಲಿ ಉತ್ತರ ಸಿಗದು. ಸಂವಿಧಾನದ 21ನೇ ವಿಧಿ, ರಾಜ್ಯಗಳ ಪೊಲೀಸ್ ಕಾಯ್ದೆಗಳು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಸುಪ್ರೀಂ ಕೋರ್ಟಿನ ಕೆಲವು ತೀರ್ಪುಗಳು, ಇವನ್ನೆಲ್ಲ ಕೂಡಿಸಿ ಓದಬೇಕು. ಆಗ ಒಂದು ಮಾತು ಸ್ಪಷ್ಟವಾಗುತ್ತದೆ: ವ್ಯಕ್ತಿ ಪೊಲೀಸರ ಹಿಡಿತಕ್ಕೆ ಒಳಪಟ್ಟಷ್ಟೂ ಅವನ ಜೀವದ ಬಗ್ಗೆ ಅವರ ಹೊಣೆ ಬಿಗಿಯಾಗುತ್ತಾ ಹೋಗುತ್ತದೆ.

ಈ ವಿಷಯದಲ್ಲಿ ಮೊದಲ ದೊಡ್ಡ ತೀರ್ಪು ಬಂದದ್ದು 1989ರ ಆಗಸ್ಟ್‌ನಲ್ಲಿ, ಪರಮಾನಂದ ಕಟಾರಾ ಪ್ರಕರಣದಲ್ಲಿ. ವೇಗವಾಗಿ ಬಂದ ಕಾರೊಂದು ಸ್ಕೂಟರ್ ಸವಾರನಿಗೆ ಗುದ್ದಿತ್ತು. ದಾರಿಹೋಕರೊಬ್ಬರು ಅವನನ್ನು ಹತ್ತಿರದ ಆಸ್ಪತ್ರೆಗೆ ಒಯ್ದರು. ಇದು ಪೊಲೀಸ್ ಕೇಸು, ಇಂಥ ಕೇಸು ನೋಡುವ ಅಧಿಕಾರ ಇರುವ ಆಸ್ಪತ್ರೆಗೇ ಹೋಗಿ ಎಂದು ಅಲ್ಲಿನ ವೈದ್ಯರು ಹೇಳಿ ಕಳಿಸಿದರು. ಆ ಆಸ್ಪತ್ರೆ ಇದ್ದದ್ದು ಸುಮಾರು 20 ಕಿಲೋಮೀಟರ್ ದೂರದಲ್ಲಿ. ದಾರಿಯಲ್ಲೇ ಸವಾರನ ಪ್ರಾಣ ಹೋಯಿತು. ಜೀವ ಉಳಿಸುವುದು ಪ್ರಭುತ್ವದ ಸಂವಿಧಾನಬದ್ಧ ಕರ್ತವ್ಯ, ಅದಕ್ಕೆ ಯಾವ ಕಾನೂನೂ ಅಡ್ಡ ಬರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಸಾರಿತು. ಪೊಲೀಸರು ಬರಲಿ, ಕೇಸು ದಾಖಲಾಗಲಿ ಎಂದು ಚಿಕಿತ್ಸೆಯನ್ನು ತಡೆಹಿಡಿಯುವ ಹಾಗಿಲ್ಲ. ಚಿಕಿತ್ಸೆ ನೀಡಿದ ವೈದ್ಯರನ್ನು ಸಾಕ್ಷಿಯ ನೆಪದಲ್ಲಿ ಪೊಲೀಸರು ಸುಮ್ಮನೆ ಅಲೆದಾಡಿಸಬಾರದು ಎಂದೂ ಕೋರ್ಟ್ ಹೇಳಿತು.

ಬೀದಿಯಲ್ಲಿ ಕೆಲಸ ಮಾಡುವ ಪೊಲೀಸರ ಕರ್ತವ್ಯವನ್ನು ರಾಜ್ಯಗಳ ಕಾಯ್ದೆಗಳು ಹೇಳುತ್ತವೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಪ್ರಕಾರ ಬೀದಿಯಲ್ಲಿ ಕಂಡ ಅಶಕ್ತರಿಗೆ, ಅಸಹಾಯಕರಿಗೆ ಕೈಲಾದ ನೆರವನ್ನೆಲ್ಲ ನೀಡಬೇಕು. ಪೊಲೀಸರು ವೈದ್ಯರಾಗಬೇಕೆಂದು ಕಾನೂನು ಬಯಸುವುದಿಲ್ಲ. ಪ್ರಥಮ ಚಿಕಿತ್ಸೆ, ಆಂಬುಲೆನ್ಸ್‌ಗೆ ಕರೆ, ಅದು ತಡವಾದರೆ ಸಿಕ್ಕ ವಾಹನದಲ್ಲಿ ಆಸ್ಪತ್ರೆಗೆ ಸಾಗಿಸುವುದು, ಇವು ಅವರ ಕೈಲಾಗುವ ಕೆಲಸಗಳೇ. 2018ರ ಜನವರಿಯಲ್ಲಿ ಉತ್ತರ ಪ್ರದೇಶದ ಸಹಾರನ್‌ಪುರದಲ್ಲಿ ಬೈಕ್ ಅಪಘಾತಕ್ಕೆ ಸಿಕ್ಕ ಇಬ್ಬರು ಹುಡುಗರು ರಕ್ತದ ಮಡುವಿನಲ್ಲಿ ಬಿದ್ದಿದ್ದರು. ಗಸ್ತಿನ ಪೊಲೀಸರು ಬಂದರು. ಆದರೆ ರಕ್ತವಾಗಿ ಗಾಡಿ ಗಲೀಜಾಗುತ್ತದೆಂದು ಹುಡುಗರನ್ನು ಹತ್ತಿಸಿಕೊಳ್ಳಲಿಲ್ಲ. ಇಬ್ಬರೂ ಬದುಕಲಿಲ್ಲ. ಸ್ಥಳದಲ್ಲಿದ್ದವರು ತೆಗೆದ ವಿಡಿಯೊ ಎಲ್ಲೆಡೆ ಹರಡಿದ ಮೇಲೆ ಮೂವರು ಪೊಲೀಸರು ಅಮಾನತಾದರು.

ನೆರವಿಗೆ ಬಂದವರನ್ನು ಹೆದರಿಸದಿರುವುದೂ ಪೊಲೀಸರ ಕರ್ತವ್ಯದಲ್ಲಿ ಸೇರಿದೆ. ಗಾಯಾಳುವನ್ನು ಮುಟ್ಟಿದರೆ ಠಾಣೆ, ಕೋರ್ಟು ಅಲೆಯಬೇಕಾದೀತು ಎಂಬ ಅಂಜಿಕೆಯಿಂದಲೇ ಜನ ಹಿಂದೆ ಸರಿಯುತ್ತಿದ್ದರು. 2016ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಇಂಥ ನೆರವುದಾರರ ರಕ್ಷಣೆಯ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿತು. ಕರ್ನಾಟಕ ಇದಕ್ಕಾಗಿ ತನ್ನದೇ ಕಾಯ್ದೆ ರೂಪಿಸಿತು. 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಸೆಕ್ಷನ್ ಈ ರಕ್ಷಣೆಯನ್ನು ದೇಶಕ್ಕೆಲ್ಲ ವಿಸ್ತರಿಸಿತು. ಗಾಯಾಳುವನ್ನು ಕರೆತಂದವರು ತಮ್ಮ ಹೆಸರು, ವಿಳಾಸ ಹೇಳಲೇಬೇಕೆಂದು ಪೊಲೀಸರು ಈಗ ಒತ್ತಾಯಿಸುವಂತಿಲ್ಲ.

ಮಾನಸಿಕ ಅಸ್ವಸ್ಥರ ಬಗ್ಗೆ ಪ್ರತ್ಯೇಕ ನಿಯಮವಿದೆ. ತಮ್ಮ ಬಗ್ಗೆ ತಾವೇ ಕಾಳಜಿ ವಹಿಸಲಾಗದೆ ಅಲೆದಾಡುವವರನ್ನು ಠಾಣಾಧಿಕಾರಿ ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಅವರನ್ನು ಲಾಕಪ್‌ನಲ್ಲಿ ಇರಿಸುವ ಹಾಗಿಲ್ಲ.

ಬಂಧನವಾದ ಕ್ಷಣದಿಂದ ಈ ಹೊಣೆ ಪೂರ್ಣವಾಗುತ್ತದೆ. ಲಾಕಪ್‌ನಲ್ಲಿರುವವರು ತಾವಾಗಿ ಆಸ್ಪತ್ರೆಗೆ ಹೋಗಲಾರರು, ಬಂಧುಗಳನ್ನು ಕೂಗಿ ಕರೆಯಲಾರರು. 2024ರ ಜುಲೈ 1ರಂದು ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 56ನೇ ಸೆಕ್ಷನ್ ಪ್ರಕಾರ ಆರೋಪಿಯ ಆರೋಗ್ಯ ಮತ್ತು ಸುರಕ್ಷತೆ ನೋಡಿಕೊಳ್ಳುವುದು ಅವನನ್ನು ವಶದಲ್ಲಿಟ್ಟುಕೊಂಡವರ ಕರ್ತವ್ಯ. ಬಂಧಿಸಿದ ಕೂಡಲೇ ವೈದ್ಯಕೀಯ ಪರೀಕ್ಷೆ ಮಾಡಿಸಬೇಕು, ಮೈಮೇಲಿನ ಗಾಯಗಳನ್ನು ವೈದ್ಯರು ಬರೆದಿಡಬೇಕು, ಅದರ ಪ್ರತಿ ಆರೋಪಿಗೂ ಸಿಗಬೇಕು ಎನ್ನುತ್ತದೆ 53ನೇ ಸೆಕ್ಷನ್. ವಶದಲ್ಲಿರುವಷ್ಟು ಕಾಲ ಪ್ರತಿ 48 ಗಂಟೆಗೊಮ್ಮೆ ಪರೀಕ್ಷೆಯಾಗಬೇಕೆಂದು ಡಿ. ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ವಿಧಿಸಿತ್ತು. ಪೊಲೀಸರೇ ಗುಂಡು ಹಾರಿಸಿದಾಗಲೂ ಗಾಯಗೊಂಡವನಿಗೆ ಚಿಕಿತ್ಸೆ ಕೊಡಿಸಲೇಬೇಕೆಂದು ಎನ್‌ಕೌಂಟರ್ ಕುರಿತ 2014ರ ತೀರ್ಪು ಹೇಳಿದೆ.

ಕರ್ತವ್ಯ ತಪ್ಪಿದರೆ ಮೊದಲು ಎದುರಾಗುವುದು ಅಮಾನತು, ಇಲಾಖಾ ವಿಚಾರಣೆ. ಕೇಡಾಗಲೆಂದೇ ಕಾನೂನು ಮೀರಿದ ಸರ್ಕಾರಿ ನೌಕರನಿಗೆ ಭಾರತೀಯ ನ್ಯಾಯ ಸಂಹಿತೆಯ 198ನೇ ಸೆಕ್ಷನ್ ಅಡಿ ಶಿಕ್ಷೆಯಿದೆ. ಪೊಲೀಸ್ ವಶದಲ್ಲಿ ಸಾವು ಸಂಭವಿಸಿದರೆ 24 ಗಂಟೆಯೊಳಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ತಿಳಿಸಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆಯೂ ನಡೆಯಬೇಕು. ಪರಿಹಾರ ಕೊಡುವ ಹೊಣೆ ಸರ್ಕಾರದ್ದು. 1993ರ ನೀಲಬತಿ ಬೆಹರಾ ಪ್ರಕರಣದಲ್ಲಿ ಮಗನನ್ನು ಕಳೆದುಕೊಂಡ ತಾಯಿಗೆ ಒಂದೂವರೆ ಲಕ್ಷ ರೂಪಾಯಿ ನೀಡುವಂತೆ ಸುಪ್ರೀಂ ಕೋರ್ಟ್ ಒಡಿಶಾ ಸರ್ಕಾರಕ್ಕೆ ಆದೇಶಿಸಿತು. ಇಂಥ ಪ್ರಕರಣಗಳಲ್ಲಿ ಗಾಯಾಳುವನ್ನು ಎಷ್ಟು ಹೊತ್ತಿಗೆ ಕಂಡರು, ಎಷ್ಟು ಹೊತ್ತಿಗೆ ಆಸ್ಪತ್ರೆಗೆ ಒಯ್ದರು ಎಂಬುದು ಮುಖ್ಯ ಪ್ರಶ್ನೆಯಾಗುತ್ತದೆ. ಠಾಣೆಯ ಡೈರಿ, 112ಕ್ಕೆ ಬಂದ ಕರೆಯ ದಾಖಲೆ, ಆಸ್ಪತ್ರೆಯ ರಿಜಿಸ್ಟರ್‌ನಲ್ಲಿ ಬರೆದ ವೇಳೆ ಒಂದಕ್ಕೊಂದು ತಾಳೆಯಾಗದಿದ್ದರೆ ಪೊಲೀಸರು ಅದಕ್ಕೆ ಉತ್ತರ ಕೊಡಬೇಕಾಗುತ್ತದೆ.